ಅಡುಗೆಮನೆಯ ಗೋಡೆಯ ಮೇಲೊಂದು ಚರಿತ್ರೆ



ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಕೋಟೆ, ಶಾಸನ, ಯುದ್ಧ, ಒಪ್ಪಂದ. ಮನೆಯ ಗೋಡೆಗೆ ತೂಗುಹಾಕಿದ ಒಂದು ತಗಡಿನ ಪೆಟ್ಟಿಗೆಗೂ ಚರಿತ್ರೆ ಉಂಟೆಂದರೆ ನೀವು ನಗಬಹುದು. ಆದರೆ ಆ ಪೆಟ್ಟಿಗೆಯ ಕಥೆಯಲ್ಲಿ ಗಣಿಗಳಿವೆ, ಸಂಸತ್ತಿನ ಕಾಯಿದೆಗಳಿವೆ, ಸಮುದ್ರದ ತಳದ ಶೋಧನೆ ಇದೆ, ಜೀವಹಾನಿಯೂ ಇದೆ. ಈ ಬಾರಿ ಅದನ್ನೇ ಪರಿಚಯ ಮಾಡಿಕೊಳ್ಳೋಣ.

ಇಂಗ್ಲೆಂಡಿನ ಒಂದು ಸಾಧಾರಣ ಮನೆಯನ್ನು ಊಹಿಸಿಕೊಳ್ಳಿ. ಮನೆಯವರು ಅಡುಗೆಮನೆಯನ್ನು ಹೊಸದಾಗಿ ಮಾಡಿಸಬೇಕೆಂದಿದ್ದಾರೆ. ಹೊಸ ಕಪಾಟು, ಹೊಸ ಕಟ್ಟೆ, ಹೊಸ ಟೈಲ್ಸ್ ಎಲ್ಲವನ್ನೂ ಆರಿಸಿ ಆಗಿದೆ. ಗೋಡೆಯ ಮೇಲೆ ಮಾತ್ರ ಇಪ್ಪತ್ತೈದು ವರ್ಷದ ಹಳೆಯ ಗ್ಯಾಸ್ ಬಾಯ್ಲರ್ ಇದೆ. ಅದಿನ್ನೂ ಕೆಲಸ ಮಾಡುತ್ತಿದೆ. ಅದನ್ನು ಹಾಗೆಯೇ ಬಿಟ್ಟು ಅಡುಗೆಮನೆ ಮುಗಿಸುವುದೇ, ಅಥವಾ ಮೊದಲು ಬಾಯ್ಲರ್ ಬದಲಿಸುವುದೇ?

ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಬಾಯ್ಲರ್ ಎಂದರೆ ಯಾವುದು?

ಮೊದಲು ಒಂದು ಗೊಂದಲ ಪರಿಹಾರವಾಗಲಿ. ನಮ್ಮ ಹಳೆಯ ಮನೆಗಳಲ್ಲಿ ಬಾಯ್ಲರ್ ಎಂದರೆ ನಡುವೆ ಹೊಗೆಕೊಳವೆ ಇರುವ ತಾಮ್ರದ ಪಾತ್ರೆ. ಸೌದೆ ಅಥವಾ ಇದ್ದಿಲಿನ ಬೆಂಕಿಯಿಂದ ಸ್ನಾನದ ನೀರು ಕಾಯಿಸುವುದಷ್ಟೇ ಅದರ ಕೆಲಸ. ಬ್ರಿಟನ್ನಿನ ಮನೆಯ ಬಾಯ್ಲರ್‌ಗೆ ಎರಡು ಕೆಲಸಗಳು. ಸ್ನಾನಕ್ಕೆ, ಪಾತ್ರೆಗೆ ಬೇಕಾದ ಬಿಸಿನೀರು ಕೊಡುವುದು ಒಂದು. ಚಳಿಗಾಲದಲ್ಲಿ ಇಡೀ ಮನೆಯನ್ನು ಬೆಚ್ಚಗಿಡುವುದು ಇನ್ನೊಂದು. ಬಾಯ್ಲರ್‌ನಲ್ಲಿ ಕಾದ ನೀರು ಕೊಳವೆಗಳ ಮೂಲಕ ಪ್ರತಿ ಕೋಣೆಯ ರೇಡಿಯೇಟರ್‌ಗೆ ಹೋಗಿ, ಅಲ್ಲಿ ಶಾಖ ಬಿಟ್ಟು, ತಣ್ಣಗಾಗಿ ಮರಳಿ ಬರುತ್ತದೆ. ಹೆಸರು ಬಾಯ್ಲರ್ ಎಂದಿದ್ದರೂ ಇದರಲ್ಲಿ ನೀರು ಕುದಿಯುವುದಿಲ್ಲ, ಕುದಿಯಲೂಬಾರದು.

ಇಂಥ ಯಂತ್ರವನ್ನು ಬಹಳಷ್ಟು ಮನೆಗಳಲ್ಲಿ ಅಡುಗೆಮನೆಯಲ್ಲೇ ಏಕೆ ಇಟ್ಟರು? ಉತ್ತರ ಕಲ್ಲಿದ್ದಲಿನ ಕಾಲದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಅಡುಗೆಮನೆಯಲ್ಲಿ ಎರಕದ ಕಬ್ಬಿಣದ ದೊಡ್ಡ ಒಲೆ ಇರುತ್ತಿತ್ತು. ದಿನವಿಡೀ ಉರಿಯುವ ಬೆಂಕಿ ಅದೊಂದೇ. ಆ ಬೆಂಕಿಯ ಶಾಖ ವ್ಯರ್ಥವಾಗಬಾರದೆಂದು ಒಲೆಯ ಪಕ್ಕಕ್ಕೋ ಬೆನ್ನಿಗೋ ನೀರಿನ ತೊಟ್ಟಿಯೊಂದನ್ನು ಅಂಟಿಸಿದರು. ನಮ್ಮ ಬಚ್ಚಲುಮನೆಯ ಒಲೆಯಲ್ಲಿ ಹಂಡೆ ಹೂಳಿದಂತೆಯೇ ಇದು. ಹೀಗೆ ಒಲೆ ಇದ್ದಲ್ಲಿ ಬಿಸಿನೀರು, ಬಿಸಿನೀರು ಇದ್ದಲ್ಲಿ ಕೊಳವೆ, ಕೊಳವೆ ಇದ್ದಲ್ಲಿ ಮುಂದೆ ಬಂದ ಬಾಯ್ಲರ್. ಇಂಧನ ಬದಲಾದರೂ ಹಲವು ಕಡೆ ಜಾಗ ಬದಲಾಗಲಿಲ್ಲ.

ಕಲ್ಲಿದ್ದಲಿನಿಂದ ಅನಿಲ

ಕಲ್ಲಿದ್ದಲನ್ನು ಗಾಳಿ ಸೋಕದಂತೆ ಮುಚ್ಚಿದ ಪಾತ್ರೆಯಲ್ಲಿಟ್ಟು ಚೆನ್ನಾಗಿ ಕಾಯಿಸಿದರೆ ಉರಿಯುವ ಅನಿಲ ಹೊರಬರುತ್ತದೆ. ಕೋಕ್ ಮತ್ತು ಡಾಂಬರು ಉಳಿಯುತ್ತವೆ. ವಿಲಿಯಂ ಮರ್ಡಾಕ್ ಎಂಬ ಎಂಜಿನಿಯರ್ 1792ರಲ್ಲಿ ಕಾರ್ನ್‌ವಾಲ್ ಪ್ರಾಂತದ ರೆಡ್‌ರೂತ್‌ನಲ್ಲಿದ್ದ ತನ್ನ ಮನೆಯನ್ನು ಇಂಥ ಅನಿಲದಿಂದ ಬೆಳಗಿಸಿದ. 1812ರಲ್ಲಿ ಲಂಡನ್ನಿನಲ್ಲಿ ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿಗೆ ರಾಜಶಾಸನ ದೊರೆಯಿತು. 1813ರ ಕೊನೆಯ ದಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಅನಿಲದೀಪಗಳು ಉರಿದವು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಅನಿಲ ಬಂದದ್ದು ಬೆಳಕಿಗಾಗಿ, ಶಾಖಕ್ಕಾಗಿ ಅಲ್ಲ. ಪ್ರಕಾಶಮಾನವಾದ ಹಳದಿ ಜ್ವಾಲೆಯಲ್ಲಿ ಹೊಳೆಯುವುದು ಪೂರ್ತಿ ಉರಿಯದ ಇಂಗಾಲದ ಕಣಗಳು. ಅಡುಗೆಗೆ ಆ ಮಸಿ ಬೇಡ. 1855ರ ಸುಮಾರಿಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರಾಬರ್ಟ್ ಬುನ್‌ಸೆನ್ ಮತ್ತು ಅವರ ಪ್ರಯೋಗಾಲಯದ ಕುಶಲಕರ್ಮಿ ಪೀಟರ್ ಡೆಸಾಗ ರೂಪಿಸಿದ ಬರ್ನರ್‌ನಲ್ಲಿ ಅನಿಲವು ಉರಿಯುವ ಮೊದಲೇ ಗಾಳಿಯೊಂದಿಗೆ ಬೆರೆಯುತ್ತಿತ್ತು. ಜ್ವಾಲೆ ನೀಲಿಯಾಯಿತು, ಬಿಸಿಯಾಯಿತು, ಮಸಿ ನಿಂತಿತು. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿರುವ ಬರ್ನರ್ ಇದೇ. ಮನೆಯ ಗ್ಯಾಸ್ ಒಲೆಯ ಜ್ವಾಲೆಯೂ ಇದೇ ತತ್ತ್ವದ್ದು.

1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಅನಿಲದಿಂದ ಸ್ನಾನದ ನೀರನ್ನು ಕೂಡಲೇ ಕಾಯಿಸುವ ಸಾಧನಕ್ಕೆ ಪೇಟೆಂಟ್ ಪಡೆದ. ಐಸ್‌ಲ್ಯಾಂಡಿನಲ್ಲಿ ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆಯ ಹೆಸರನ್ನೇ ಅದಕ್ಕಿಟ್ಟ: ಗೀಸರ್. ಇಂದು ನಮ್ಮ ಬಚ್ಚಲುಮನೆಯ ವಿದ್ಯುತ್ ಸಾಧನವನ್ನೂ ನಾವು ಗೀಸರ್ ಎಂದೇ ಕರೆಯುತ್ತೇವೆ. ಹಿಮದ ದ್ವೀಪದ ಒಂದು ಮಾತು ಲಂಡನ್ನಿನ ದಾರಿಯಾಗಿ ಮಂಡ್ಯ, ಮಡಿಕೇರಿಗಳವರೆಗೆ ಬಂದಿದೆ!

ಆದರೆ ಮಾನ್‌ನ ಗೀಸರ್‌ನಲ್ಲಿ ದೊಡ್ಡ ಕೊರತೆಯೊಂದಿತ್ತು. ಅದಕ್ಕೆ ಹೊಗೆನಳಿಗೆ ಇರಲಿಲ್ಲ. ಉರಿದ ಅನಿಲವೆಲ್ಲ ಸ್ನಾನದ ಕೋಣೆಯಲ್ಲೇ ಉಳಿಯುತ್ತಿತ್ತು. ಈ ಕೊರತೆಯನ್ನು ನೆನಪಿಟ್ಟುಕೊಳ್ಳಿ. ನಮ್ಮ ಕಥೆಯಲ್ಲಿ ಇದು ಮತ್ತೆ ಬರುತ್ತದೆ.

ಹೊಗೆ ಕವಿದ ಐದು ದಿನಗಳು

ಅನಿಲ ಬಂದ ಮೇಲೂ ಬಹುಕಾಲ ಬ್ರಿಟನ್ನಿನ ಮನೆಗಳನ್ನು ಬೆಚ್ಚಗಿಟ್ಟದ್ದು ಕಲ್ಲಿದ್ದಲೇ. ಕೋಣೆಗೊಂದು ಅಗ್ಗಿಷ್ಟಿಕೆ, ಮನೆಗೊಂದು ಚಿಮಣಿ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಗಾಳಿ ನಿಂತುಹೋಯಿತು. ಲಕ್ಷಾಂತರ ಚಿಮಣಿಗಳ ಹೊಗೆ, ಕಾರ್ಖಾನೆಗಳ ಹೊಗೆ, ಮಂಜು ಎಲ್ಲವೂ ಬೆರೆತು ನಗರದ ಮೇಲೆ ಕುಳಿತವು. ಸುಮಾರು 4,000 ಮಂದಿ ಸತ್ತರೆಂದು ಆಗ ಅಂದಾಜು ಮಾಡಲಾಯಿತು. ಆನಂತರದ ಅಧ್ಯಯನಗಳು ಈ ಸಂಖ್ಯೆಯನ್ನು 12,000ದವರೆಗೂ ಏರಿಸಿವೆ. 1956ರಲ್ಲಿ ಸಂಸತ್ತು ಶುದ್ಧ ಗಾಳಿಯ ಕಾಯಿದೆಯನ್ನು ಅಂಗೀಕರಿಸಿತು. ಹೊಗೆ ನಿಯಂತ್ರಣ ವಲಯಗಳಲ್ಲಿ ಹೊಗೆಯಾಡುವ ಕಲ್ಲಿದ್ದಲನ್ನು ಮನೆಯಲ್ಲಿ ಉರಿಸುವಂತಿರಲಿಲ್ಲ. ಅಷ್ಟುಹೊತ್ತಿಗೆ, 1949ರಲ್ಲೇ, ಸಾವಿರಕ್ಕೂ ಹೆಚ್ಚು ಅನಿಲ ಸಂಸ್ಥೆಗಳನ್ನು ರಾಷ್ಟ್ರೀಕರಣ ಮಾಡಿ ಹನ್ನೆರಡು ಪ್ರಾಂತೀಯ ಮಂಡಳಿಗಳ ಕೈಗೆ ಒಪ್ಪಿಸಲಾಗಿತ್ತು. ಮನೆಯ ಬೆಂಕಿ ಹೀಗೆ ಸಾರ್ವಜನಿಕ ವಿಷಯವಾಯಿತು.

ಒಂದು ದೇಶ ತನ್ನ ಜ್ವಾಲೆಯನ್ನು ಬದಲಿಸಿತು

1965ರಲ್ಲಿ ಉತ್ತರ ಸಮುದ್ರದ ತಳದಲ್ಲಿ, ವೆಸ್ಟ್ ಸೋಲ್ ಎಂಬಲ್ಲಿ, ನೈಸರ್ಗಿಕ ಅನಿಲ ಸಿಕ್ಕಿತು. ಅದನ್ನು ಶೋಧಿಸಿದ ಸೀ ಜೆಮ್ ಎಂಬ ಕೊರೆಯುವ ವೇದಿಕೆ ಅದೇ ವರ್ಷ ಡಿಸೆಂಬರ್ 27ರಂದು ಸಮುದ್ರಕ್ಕೆ ಕುಸಿದು 13 ಮಂದಿ ಪ್ರಾಣ ಕಳೆದುಕೊಂಡರು. 1967ರಲ್ಲಿ ಆ ಅನಿಲ ಈಸಿಂಗ್ಟನ್ ತೀರವನ್ನು ಮುಟ್ಟಿತು.

ಇನ್ನು ಹಳೆಯ ಕೊಳವೆಗಳಲ್ಲಿ ಹೊಸ ಅನಿಲ ಬಿಟ್ಟರೆ ಸಾಕಲ್ಲವೇ ಎನ್ನುವಿರಾ? ಸಾಲದು. ಕಲ್ಲಿದ್ದಲ ಅನಿಲದಲ್ಲಿ ಸುಮಾರು ಅರ್ಧದಷ್ಟು ಜಲಜನಕವಿತ್ತು. ನೈಸರ್ಗಿಕ ಅನಿಲ ಬಹುಪಾಲು ಮೀಥೇನ್. ಅಷ್ಟೇ ಗಾತ್ರದ ಅನಿಲದಿಂದ ಇದು ಸರಿಸುಮಾರು ಎರಡರಷ್ಟು ಶಾಖ ಕೊಡುತ್ತದೆ. ಜಲಜನಕ ಉರಿಯಲು ತನ್ನ ಗಾತ್ರದ ಅರ್ಧದಷ್ಟು ಆಮ್ಲಜನಕ ಸಾಕು. ಮೀಥೇನ್‌ಗೆ ತನ್ನ ಗಾತ್ರದ ಎರಡರಷ್ಟು ಬೇಕು. ಜಲಜನಕದ ಜ್ವಾಲೆ ವೇಗವಾಗಿ ಹರಡುತ್ತದೆ. ಮೀಥೇನ್ ಜ್ವಾಲೆ ನಿಧಾನ. ಹಳೆಯ ಬರ್ನರ್‌ನಲ್ಲಿ ಹೊಸ ಅನಿಲ ಹಚ್ಚಿದರೆ ಜ್ವಾಲೆ ಬರ್ನರ್ ಬಿಟ್ಟು ಮೇಲೇಳಬಹುದು, ಆರಿಹೋಗಬಹುದು, ಅಥವಾ ಗಾಳಿ ಸಾಲದೆ ಅರೆಬರೆ ಉರಿಯಬಹುದು. ಆದ್ದರಿಂದ ದೇಶದ ಪ್ರತಿಯೊಂದು ಗ್ಯಾಸ್ ಒಲೆ, ಪ್ರತಿಯೊಂದು ಗೀಸರ್, ಪ್ರತಿಯೊಂದು ಬಾಯ್ಲರ್ ಬದಲಾಗಬೇಕಾಯಿತು.

1967ರಿಂದ 1977ರವರೆಗೆ ಹತ್ತು ವರ್ಷ ಈ ಕೆಲಸ ನಡೆಯಿತು. ಒಂದು ಬಡಾವಣೆಯನ್ನು ಪ್ರತ್ಯೇಕಿಸಿ, ಕೊಳವೆಯಲ್ಲಿ ಉಳಿದ ಹಳೆಯ ಅನಿಲವನ್ನು ಉರಿಸಿ ಖಾಲಿಮಾಡಿ, ಹೊಸ ಅನಿಲ ಬಿಟ್ಟು, ಮನೆಮನೆಗೂ ಹೋಗಿ ಬರ್ನರ್‌ಗಳನ್ನು ಬದಲಿಸಿ ಮುಂದಿನ ಬಡಾವಣೆಗೆ ನಡೆಯುವುದು. ಹೀಗೆ ಸುಮಾರು 1 ಕೋಟಿ 30 ಲಕ್ಷಕ್ಕೂ ಹೆಚ್ಚು ಗ್ರಾಹಕರ ಮನೆಗಳನ್ನು ಮುಟ್ಟಲಾಯಿತು. ಬದಲಿಸಲಾಗದಷ್ಟು ಹಳೆಯದಾದ ಸಾಧನಗಳು ಗುಜರಿ ಸೇರಿದವು. ಶಾಂತಿಕಾಲದಲ್ಲಿ ಒಂದು ಸರ್ಕಾರಿ ಉದ್ಯಮ ಇಷ್ಟೊಂದು ಮನೆಗಳ ಒಳಹೊಕ್ಕು ಕೆಲಸ ಮುಗಿಸಿದ ಉದಾಹರಣೆ ಅಪರೂಪ. ಗೋಡೆಗೆ ತೂಗುಹಾಕುವ ಬಾಯ್ಲರ್ ಸಾಮಾನ್ಯ ಮನೆಗಳಿಗೆ ಬಂದು ಮನೆಯಿಡೀ ಬೆಚ್ಚಗಾಗುವ ಪದ್ಧತಿ ಹರಡಿದ್ದು ಈ ಅಗ್ಗದ ಅನಿಲದ ನಂತರವೇ.

ಕಾಣದ ಶತ್ರು

ದೂರದರ್ಶನದಲ್ಲಿ ಜ್ವಾಲೆಯನ್ನು ತೋರಿಸುವುದು ಸುಲಭ. ಬಣ್ಣವೂ ವಾಸನೆಯೂ ಇಲ್ಲದ ಅನಿಲವನ್ನು ತೋರಿಸುವುದು ಹೇಗೆ? ಈ ಚರಿತ್ರೆಯ ಅತ್ಯಂತ ಮುಖ್ಯ ಪಾತ್ರಧಾರಿ ಕ್ಯಾಮೆರಾಗೆ ಸಿಗುವುದೇ ಇಲ್ಲ. ಅದು ಕಾರ್ಬನ್ ಮಾನಾಕ್ಸೈಡ್.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ನಿದ್ದೆ, ಕೊನೆಗೆ ಸಾವು. ಕಲ್ಲಿದ್ದಲ ಅನಿಲದಲ್ಲಿ ಅದು ಮೊದಲೇ ಬೆರೆತಿತ್ತು; ಸೋರಿಕೆಯೇ ವಿಷವಾಗಿತ್ತು. ನೈಸರ್ಗಿಕ ಅನಿಲದಲ್ಲಿ ಅದಿಲ್ಲ. ಆದರೆ ಗಾಳಿ ಸಾಲದೆ ಉರಿದರೆ ನೈಸರ್ಗಿಕ ಅನಿಲವೂ ಅದನ್ನು ಹುಟ್ಟಿಸುತ್ತದೆ.

ಇನ್ನೊಂದು ಅಪಾಯ ಸ್ಫೋಟ. 1968ರ ಮೇ 16ರ ಮುಂಜಾನೆ ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಸ ಕಟ್ಟಡದ 18ನೆಯ ಅಂತಸ್ತಿನಲ್ಲಿ ಮಹಿಳೆಯೊಬ್ಬರು ಚಹಾ ಮಾಡಲು ಬೆಂಕಿಕಡ್ಡಿ ಗೀರಿದರು. ಸೋರಿ ತುಂಬಿದ್ದ ಅನಿಲ ಸಿಡಿಯಿತು. ಕಟ್ಟಡದ ಒಂದು ಮೂಲೆಯೇ ಇಸ್ಪೀಟೆಲೆಗಳಂತೆ ಕುಸಿದು ನಾಲ್ವರು ಸತ್ತರು. ಒಲೆಗೆ ಅನಿಲ ತರುವ ಕೊಳವೆಯ ಜೋಡಣೆಯಲ್ಲಿದ್ದ ದೋಷಯುಕ್ತ ಹಿತ್ತಾಳೆಯ ನಟ್ಟೇ ಸೋರಿಕೆಗೆ ಕಾರಣವೆಂದು ವಿಚಾರಣೆ ಕಂಡುಕೊಂಡಿತು. ಒಂದು ನಟ್ಟು! ಈ ದುರಂತದ ನಂತರ 1970ರಲ್ಲಿ ಗ್ಯಾಸ್ ಕೆಲಸಗಾರರನ್ನು ನೋಂದಾಯಿಸುವ ಕಾರ್ಗಿ ಸಂಸ್ಥೆ ಹುಟ್ಟಿತು. 1991ರಲ್ಲಿ ನೋಂದಣಿ ಕಡ್ಡಾಯವಾಯಿತು. 2009ರ ಏಪ್ರಿಲ್ 1ರಿಂದ ಆ ಸ್ಥಾನಕ್ಕೆ ಗ್ಯಾಸ್ ಸೇಫ್ ರಿಜಿಸ್ಟರ್ ಬಂದಿದೆ. ಬ್ರಿಟನ್ನಿನಲ್ಲಿ ಬಾಯ್ಲರ್ ಕೂರಿಸುವ ಕೆಲಸಗಾರನ ಬಳಿ ಇದರ ಗುರುತಿನ ಚೀಟಿ ಇರಲೇಬೇಕು.

ಹೊಗೆಯಲ್ಲಿ ಅಡಗಿದ ಶಾಖ

ಈಗ ಹಳೆಯ ಬಾಯ್ಲರ್‌ಗೂ ಹೊಸದಕ್ಕೂ ಇರುವ ವ್ಯತ್ಯಾಸ ನೋಡೋಣ. ನೀವು ಭೌತಶಾಸ್ತ್ರದಲ್ಲಿ ಗುಪ್ತೋಷ್ಣದ ಪಾಠ ಓದಿದ್ದೀರಿ. ಒಂದು ಗ್ರಾಂ ನೀರು ಕುದಿಯುವ ಬಿಂದುವಿನಲ್ಲಿ ಆವಿಯಾಗಲು ಸುಮಾರು 540 ಕ್ಯಾಲರಿ ಶಾಖ ಬೇಕು. ಆವಿ ಮತ್ತೆ ನೀರಾದಾಗ ಅಷ್ಟೂ ಶಾಖ ಹೊರಬರುತ್ತದೆ. ಮೀಥೇನ್ ಉರಿದಾಗ ಹುಟ್ಟುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಒಂದು ಘನ ಮೀಟರ್ ಮೀಥೇನ್ ಉರಿದರೆ ಒಂದೂವರೆ ಕಿಲೋಗ್ರಾಂ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಹಳೆಯ ಬಾಯ್ಲರ್ ಈ ಆವಿಯನ್ನು ಬಿಸಿಬಿಸಿಯಾಗಿಯೇ ಹೊರಗೆ ಬಿಡುತ್ತಿತ್ತು. ಇಂಧನದ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು ಆ ಆವಿಯಲ್ಲೇ ಹೋಗುತ್ತಿತ್ತು. ಬಿಸಿ ಹೊಗೆಯಲ್ಲಿ ಇನ್ನಷ್ಟು.

ಕಂಡೆನ್ಸಿಂಗ್ ಬಾಯ್ಲರ್ ಹೊಗೆಯನ್ನು ಹೊರಬಿಡುವ ಮುನ್ನ ರೇಡಿಯೇಟರ್‌ಗಳಿಂದ ಮರಳಿದ ತಣ್ಣನೆಯ ನೀರಿನ ಸನಿಹದಲ್ಲಿ ಹಾಯಿಸುತ್ತದೆ. ಮರಳಿದ ನೀರು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಹೊಗೆಯಲ್ಲಿನ ಆವಿ ಹನಿಯಾಗಿ ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಹಳೆಯ ಬಾಯ್ಲರ್‌ಗಳ ದಕ್ಷತೆ ಶೇಕಡಾ 70ಕ್ಕಿಂತ ಕಡಿಮೆ ಇದ್ದದ್ದುಂಟು. ಈ ಹೊಸ ಬಗೆಯದು ಶೇಕಡಾ 90ರ ಆಸುಪಾಸು. 2005ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರ್, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಂಡೆನ್ಸಿಂಗ್ ಮಾದರಿಯದೇ ಆಗಿರಬೇಕೆಂದು ನಿಯಮವಾಯಿತು. 2010ರಲ್ಲಿ ಇಂಗ್ಲೆಂಡಿನಲ್ಲಿ ತೀರಾ ಹಳೆಯ ಬಾಯ್ಲರ್ ಬದಲಿಸುವವರಿಗೆ ಸರ್ಕಾರ 400 ಪೌಂಡ್ ನೆರವನ್ನೂ ಕೊಟ್ಟಿತು.

ಮೊದಲು ಯಾವುದು?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಬಾಯ್ಲರ್ ಮೊದಲೋ, ಅಡುಗೆಮನೆ ಮೊದಲೋ?

ಹಳೆಯ ಬಾಯ್ಲರ್‌ಗಳಲ್ಲಿ ಹಲವು ಕೋಣೆಯ ಗಾಳಿಯನ್ನೇ ಎಳೆದುಕೊಂಡು ಉರಿಯುವ ಬಗೆಯವು. ಹೊಸ ಅಡುಗೆಮನೆಗೆ ಗಾಳಿ ಹೊರಹಾಕುವ ಬಲವಾದ ಫ್ಯಾನ್ ಬಂದಿತೆನ್ನಿ. ಕಿಟಕಿ ಬಾಗಿಲುಗಳು ಬಿಗಿಯಾದವೆನ್ನಿ. ಆಗ ಆ ಫ್ಯಾನ್ ಹೊಗೆನಳಿಗೆಯೊಳಗಿನ ಹೊಗೆಯನ್ನೇ ಕೋಣೆಗೆ ಮರಳಿ ಎಳೆಯಬಹುದು. ಮಾನ್‌ನ ಗೀಸರ್‌ನ ಹಳೆಯ ಅಪಾಯ ಹೀಗೆ ಹೊಸ ವೇಷದಲ್ಲಿ ಬರುತ್ತದೆ. ಅಂದದ ಕಪಾಟಿನೊಳಗೆ ಅಂಥ ಬಾಯ್ಲರನ್ನು ಮುಚ್ಚಿ ಅದಕ್ಕೆ ಬೇಕಾದ ಗಾಳಿಯ ದಾರಿ ಕಟ್ಟಿದರೂ ಅದೇ ಕಥೆ. ಇಂದಿನ ಬಾಯ್ಲರ್ ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಹೊಗೆ ಬಿಡುವಂತೆ ಕೋಣೆಯಿಂದ ಬೇರ್ಪಟ್ಟಿರುತ್ತದೆ.

ಎರಡನೆಯ ಕಾರಣ ಕೊಳವೆಗಳು. ಹೊಸ ಬಾಯ್ಲರ್‌ಗೆ ಹೆಚ್ಚು ಅಗಲದ ಅನಿಲ ಕೊಳವೆ ಬೇಕಾಗಬಹುದು. ಹನಿಗೂಡಿದ ನೀರು ತುಸು ಆಮ್ಲೀಯವಾದ್ದರಿಂದ ಅದು ಚರಂಡಿಗೆ ಹೋಗಲು ಪ್ಲಾಸ್ಟಿಕ್ ಕೊಳವೆ ಬೇಕು. 2010ರ ಡಿಸೆಂಬರ್‌ನ ಕಡುಚಳಿಯಲ್ಲಿ ಈ ಪುಟ್ಟ ಕೊಳವೆಗಳು ಹೆಪ್ಪುಗಟ್ಟಿ ಬ್ರಿಟನ್ನಿನಲ್ಲಿ ಎಷ್ಟೋ ಬಾಯ್ಲರ್‌ಗಳು ನಿಂತುಹೋದವು. ಆದ್ದರಿಂದ ಅದನ್ನು ಸಾಧ್ಯವಾದಷ್ಟು ಮನೆಯೊಳಗೇ ಸಾಗಿಸುವುದು ಒಳ್ಳೆಯದು. ರೇಡಿಯೇಟರ್‌ಗಳಲ್ಲಿ ವರ್ಷಗಳಿಂದ ಸೇರಿದ ಕಬ್ಬಿಣದ ಆಕ್ಸೈಡಿನ ಕಪ್ಪು ಕೆಸರನ್ನೂ ತೊಳೆಯಬೇಕು. ಟೈಲ್ಸ್ ಹಾಕಿದ ಮೇಲೆ ಇದನ್ನೆಲ್ಲ ಮಾಡಹೊರಟರೆ ಹೊಸ ಗೋಡೆಯನ್ನೇ ಒಡೆಯಬೇಕಾದೀತು. ಬಣ್ಣ ಬಳಿದ ಮೇಲೆ ವೈರಿಂಗ್ ಮಾಡಿಸುವವರು ಯಾರು?

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಇನ್ನೊಂದು ಗ್ಯಾಸ್ ಬಾಯ್ಲರ್ ಬೇಕೇ? ಬಾಯ್ಲರಿನ ಆಯುಷ್ಯ ಹತ್ತು ಹದಿನೈದು ವರ್ಷ. ಇಂದು ಕೂರಿಸಿದ್ದು 2040ರ ಸುಮಾರಿಗೂ ಅನಿಲ ಕೇಳುತ್ತಿರುತ್ತದೆ. ಉತ್ತರ ಸಮುದ್ರದ ಅನಿಲ ಉತ್ಪಾದನೆ 2000ದಲ್ಲಿ ಶಿಖರ ಮುಟ್ಟಿ ಇಳಿಯತೊಡಗಿತು. 2004ರಲ್ಲಿ ಬ್ರಿಟನ್ ಮತ್ತೆ ಅನಿಲವನ್ನು ಆಮದು ಮಾಡಿಕೊಳ್ಳುವ ದೇಶವಾಯಿತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಅನಿಲದ ಬೆಲೆ ಗಗನಕ್ಕೇರಿ ಸಾಮಾನ್ಯರ ಮನೆಯ ಶಾಖವೇ ದುಬಾರಿಯಾಯಿತು. ಉರಿಯುವ ಪ್ರತಿ ಘನ ಮೀಟರ್ ಅನಿಲವೂ ಭೂಮಿಯನ್ನು ಬಿಸಿಮಾಡುವ ಇಂಗಾಲದ ಡೈಆಕ್ಸೈಡನ್ನು ಸೇರಿಸುತ್ತದೆಂಬುದು ನಿಮಗೆ ಗೊತ್ತೇ ಇದೆ.

ಬದಲಿ ಏನು? ಹೀಟ್ ಪಂಪ್. ನಿಮ್ಮ ಮನೆಯ ಫ್ರಿಜ್ ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ. ಹೀಟ್ ಪಂಪ್ ಹೊರಗಿನ ತಣ್ಣನೆಯ ಗಾಳಿಯಿಂದಲೂ ಶಾಖ ಹೀರಿ ಒಳಗೆ ತರುತ್ತದೆ. ಒಂದು ಪಾಲು ವಿದ್ಯುತ್ತಿಗೆ ಸುಮಾರು ಮೂರು ಪಾಲು ಶಾಖ ಸಿಗುತ್ತದೆ. ಈ ತತ್ತ್ವವನ್ನು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, 1852ರಲ್ಲೇ ಸೂಚಿಸಿದ್ದರು. 1940ರ ದಶಕದಲ್ಲಿ ಜಾನ್ ಸಮ್ನರ್ ನಾರ್ವಿಚ್ ನಗರದಲ್ಲಿ ನದಿಯ ನೀರಿನಿಂದ ಶಾಖ ತೆಗೆದು ಕಟ್ಟಡವೊಂದನ್ನು ಬೆಚ್ಚಗಿಟ್ಟಿದ್ದರು. ಅಗ್ಗದ ಇಂಧನವಿದ್ದಾಗ ಯಾರೂ ಅದನ್ನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಟ್ ಪಂಪ್‌ಗೆ 2022ರಲ್ಲಿ ಆರಂಭವಾದ ಸರ್ಕಾರಿ ನೆರವು 2023ರ ಅಕ್ಟೋಬರಿನಲ್ಲಿ 7,500 ಪೌಂಡ್‌ಗೆ ಏರಿತು.

ಆದರೆ ಹೀಟ್ ಪಂಪ್‌ಗೆ ಬಿಸಿನೀರು ತುಂಬಿಡುವ ಸಿಲಿಂಡರ್ ಬೇಕು, ಕೆಲವು ಕಡೆ ದೊಡ್ಡ ರೇಡಿಯೇಟರ್‌ಗಳೂ ಬೇಕು. ಅಡುಗೆಮನೆಯ ನಕ್ಷೆ ಬರೆಯುವಾಗ ಸಿಲಿಂಡರ್‌ಗೆ ಮೂಲೆಯೊಂದನ್ನು ಬಿಟ್ಟರೆ ಮುಂದೆ ದಾರಿ ತೆರೆದಿರುತ್ತದೆ. ಬಿಡದಿದ್ದರೆ ಅದು ಮುಚ್ಚಿದಂತೆಯೇ. ಹೀಗಾಗಿ ಉತ್ತರ ಸ್ಪಷ್ಟ: ಮೊದಲು ಶಾಖದ ತೀರ್ಮಾನ, ಆಮೇಲೆ ಕೊಳವೆ, ಕೊನೆಗೆ ಕಪಾಟು.

ನಮಗೇನು ಸಂಬಂಧ?

ನಮ್ಮ ಕರ್ನಾಟಕದಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ಬೇಕಿಲ್ಲ, ನಿಜ. ಆದರೆ ಗ್ಯಾಸ್ ಗೀಸರ್ ನಮ್ಮ ಊರುಗಳಲ್ಲೂ ಇದೆ. ಗಾಳಿಯಾಡದ ಚಿಕ್ಕ ಬಚ್ಚಲುಮನೆಯೊಳಗೆ ಅದನ್ನು ಕೂರಿಸಿ, ಕದ ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬಾರದಿದ್ದ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಮತ್ತೆ ಮತ್ತೆ ಬಂದಿದೆ. ಲಂಡನ್ 1868ರಲ್ಲಿ ಕಂಡ ಕೊರತೆ ನಮ್ಮಲ್ಲಿ ಇನ್ನೂ ಜೀವ ತೆಗೆಯುತ್ತಿದೆ. 2013ರಲ್ಲಿ ದಾಭೋಲ್‌ನಿಂದ ಬೆಂಗಳೂರಿಗೆ ಅನಿಲ ಕೊಳವೆಮಾರ್ಗ ಬಂದಿತು. ಆನಂತರ ನಗರದ ಹಲವು ಬಡಾವಣೆಗಳ ಅಡುಗೆಮನೆಗೆ ಕೊಳವೆಯ ಮೂಲಕವೇ ನೈಸರ್ಗಿಕ ಅನಿಲ ಬರತೊಡಗಿತು. ಸಿಲಿಂಡರ್‌ನ ಅನಿಲವೇ ಬೇರೆ, ಇದೇ ಬೇರೆ. ಒಲೆಯ ರಂಧ್ರಗಳನ್ನು ಬದಲಿಸದೆ ಇದನ್ನು ಉರಿಸುವಂತಿಲ್ಲ. ಬ್ರಿಟನ್ ಹತ್ತು ವರ್ಷದಲ್ಲಿ ಮಾಡಿದ ಕೆಲಸದ ಪುಟ್ಟ ರೂಪ ಇದು.

ಈ ಪುಟ ಮಡಿಚುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಬೆಂಕಿ ಎಲ್ಲಿ ಉರಿಯುತ್ತದೆ, ಅದಕ್ಕೆ ಗಾಳಿ ಎಲ್ಲಿಂದ ಬರುತ್ತದೆ, ಹೊಗೆ ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಮನೆಯಿಡೀ ಸುತ್ತಿ ಉತ್ತರ ಹುಡುಕಿ. ಜ್ವಾಲೆ ನೀಲಿಯಾಗಿದೆಯೇ, ಹಳದಿಯಾಗಿದೆಯೇ ನೋಡಿ. ಹಳದಿಯಾಗಿದ್ದರೆ, ಅಥವಾ ಮೂರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ, ಅಂದೇ ಹಿರಿಯರಿಗೆ ತಿಳಿಸಿ, ಬಲ್ಲವರನ್ನು ಕರೆಸಿ ತೋರಿಸಿ. ಬಚ್ಚಲಿನ ಕಿಟಕಿಯನ್ನು ಮಾತ್ರ ಈಗಲೇ ತೆರೆದಿಡಿ.